ಮುಂದಿನ ಗಾಲಿಗಳು

ಹೊರಗೆ ಅಂಗಳದ ಸಿಮೆಂಟಿನ ಮೇಲೆ ಕಬ್ಬಿಣ ಎಳೆದಾಡುವ ಸದ್ದು ಶುರುವಾದಾಗಿನಿಂದ ಅವನು ಪೇಪರಿನ ಒಂದೇ ಸಾಲನ್ನು ನಾಲ್ಕನೇ ಸಲ ಓದುತ್ತಿದ್ದ. ಎಲ್ಲೋ ಒಂದು ಸೇತುವೆಯ ಕೆಲಸ ಕುಂಟುತ್ತಿದೆಯಂತೆ. ಕುಂಟಲಿ, ಅವನಪ್ಪನ ಗಂಟೇನು ಹೋಗಬೇಕು. ಆದರೂ ಆ ಸಾಲು ಬಿಟ್ಟು ಕೆಳಗಿಳಿಯಲು ಕಣ್ಣು ಒಪ್ಪುತ್ತಿರಲಿಲ್ಲ. ಕೆಳಗಿಳಿದರೆ ಪುಟ ಮುಗಿಯುತ್ತದೆ, ಪುಟ ಮುಗಿದರೆ ಏಳಬೇಕು, ಎದ್ದರೆ ಅಂಗಳಕ್ಕೆ ಹೋಗಬೇಕು. ಅಂಗಳಕ್ಕೆ ಹೆಂಡತಿಯ ತಮ್ಮ ಬಂದಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ವಾರಕ್ಕೊಂದು ರಜ, ಅದನ್ನೂ ಅಕ್ಕನ ಮನೆಯ ಹಳೆ ಕಾರಿಗೆ ಧಾರೆ ಎರೆದಿದ್ದ. ಕಾರಿನ ಸೈಲೆನ್ಸರ್ ಕೊಳವೆ ತುಕ್ಕು ಹಿಡಿದು, ಸ್ಟಾರ್ಟ್ ಮಾಡಿದರೆ ಬೀದಿಯ ಆ ತುದಿಯವರು ಕಿಟಕಿ ಹಾಕಿಕೊಳ್ಳುವ ಹಾಗೆ ಗೊರಗುಟ್ಟುತ್ತಿತ್ತು. ಎರಡು ವರ್ಷದ ಹಿಂದೆಯೂ ಇದೇ ಕೊಳವೆ, ಇದೇ ಅಂಗಳ, ಇಂಥದೇ ಒಂದು ರಜದ ಬೆಳಗ್ಗೆ. ಅವತ್ತು ಕಾರಿನ ಕೆಳಗೆ ಹೋದವರು ಮಾವ. "ರೀ, ಅವನು ಕರೀತಿದಾನೆ, ಸ್ವಲ್ಪ ಹೋಗಿ ನೋಡಬಾರದಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ಬಂದೆ" ಅಂದ. ಅಂದನೇ ಹೊರತು ಏಳಲಿಲ್ಲ. ಒಂದನ್ನು ಅನ್ನುವುದು, ಅದನ್ನು ಮಾಡದೇ ಇರುವುದು, ಇವೆರಡರ ನಡುವೆ ಎಷ್ಟು ಜಾಗ ಇದೆ ಎಂಬುದು ಅವನಿಗೆ ಗೊತ್ತಿದ್ದಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಾರದು.

ಮಾವ ಈಗ ಇದೇ ಮನೆಯ ಬೀದಿ ಕಡೆಯ ಕೋಣೆಯಲ್ಲಿದ್ದಾರೆ. ಸೊಂಟದ ಮೂಳೆ ಮೂರು ಕಡೆ ಮುರಿದು, ತಂತಿ ಮೊಳೆ ಹಾಕಿ ಕೂಡಿಸಿ, ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಕಿಟಕಿಗೆ ಓಡಾಡುವ ಮಟ್ಟಕ್ಕೆ ಬಂದಿದ್ದಾರೆ. ಬಸ್ ಡಿಪೋದಲ್ಲಿ ಮೂವತ್ತಾರು ವರ್ಷ ಮೇಸ್ತ್ರಿಯಾಗಿದ್ದ ಮನುಷ್ಯ. ನನ್ನ ಕೈಕೆಳಗೆ ಒಬ್ಬ ಹುಡುಗನ ಕಿರುಬೆರಳ ಉಗುರೂ ಹೋಗಿಲ್ಲ ಎಂದು ಕುಂತಲ್ಲಿ ನಿಂತಲ್ಲಿ ಹೇಳಿಕೊಳ್ಳುತ್ತಿದ್ದರು. ಈಗ ಹೇಳಿಕೊಳ್ಳುವುದಿಲ್ಲ. ಉರುಳದ ಹಾಗೆ ಗಾಲಿಗೆ ಮರದ ತುಂಡು ಕೊಡುವುದನ್ನು ಮರೆತು ಕಾರಿನ ಕೆಳಗೆ ಹೋದವರು ಎಂಬುದೇ ಈಗ ಅವರ ಬಿರುದು. ಆ ಬಿರುದು ಬಂದಮೇಲೆ ಅವರ ಕೈಯಿಂದ ಒಂದೊಂದೇ ಜಾರಿಹೋಯಿತು. ಗ್ಯಾಸ್ ಹಚ್ಚಬೇಡಿ ಅಪ್ಪ, ಮರೀತೀರಿ. ಬೀಗದ ಕೈ ನನ್ನ ಹತ್ರ ಇರಲಿ ಅಪ್ಪ. ಮಾತ್ರೆ ಡಬ್ಬಿ ಮುಟ್ಟಬೇಡಿ, ನಾನೇ ಕೊಡ್ತೀನಿ. ಮಗಳು ಇದನ್ನೆಲ್ಲ ಪ್ರೀತಿಯಿಂದಲೇ ಹೇಳುತ್ತಾಳೆ, ಅದೇ ಕಷ್ಟ. ಮೊದಮೊದಲು ಮುದುಕರು "ನಂಗೇನೂ ಮರೆವಿಲ್ಲ ಕಣಮ್ಮ" ಎಂದು ಗುರಾಯಿಸುತ್ತಿದ್ದರು. ಆಮೇಲೆ ಬಿಟ್ಟರು. ಈಚೀಚೆಗೆ ಮಾತ್ರೆ ನುಂಗಿ ಐದು ನಿಮಿಷ ಆಗುವುದರೊಳಗೆ "ನಾನು ಮಾತ್ರೆ ತಗೊಂಡ್ನಾ?" ಎಂದು ಅವರೇ ಕೇಳತೊಡಗಿದ್ದಾರೆ. ದಿನಾ ಬೆಳಗೆದ್ದು ಹುಚ್ಚ ಹುಚ್ಚ ಎನ್ನುತ್ತಿದ್ದರೆ ಎಂಥ ಗಟ್ಟಿ ಮನುಷ್ಯನಿಗಾದರೂ ಹುಚ್ಚು ಹಿಡಿಯದೆ ಇರುತ್ತದೆಯೇ?

ಆದರೆ ಅವರು ಮರೆತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಮಾವನಿಗೂ ಗೊತ್ತಿರಲೇಬೇಕು. ಗೊತ್ತಿದ್ದೂ ಎರಡು ವರ್ಷದಲ್ಲಿ ಒಂದು ದಿನ ಬಾಯಿ ಬಿಟ್ಟಿರಲಿಲ್ಲ. ಅದು ದೊಡ್ಡತನವೋ, ಮಗಳ ಸಂಸಾರ ಕೆಡಬಾರದೆಂಬ ಎಣಿಕೆಯೋ, ಅಥವಾ ಹೊತ್ತು ನೋಡಿ ಹೊಡೆಯಲೆಂದು ಎತ್ತಿಟ್ಟುಕೊಂಡ ದೊಣ್ಣೆಯೋ, ಅವನಿಗೆ ಬಗೆಹರಿದಿರಲಿಲ್ಲ. ಊಟಕ್ಕೆ ಕೂತಾಗ ಮುದುಕರು ತಲೆಯೆತ್ತಿ ನೋಡಿದರೆ ಸಾಕು, ಈಗ ಹೇಳುತ್ತಾರೆ ಎಂದು ಎತ್ತಿದ ತುತ್ತು ತಟ್ಟೆಗೇ ಇಳಿಯುತ್ತಿತ್ತು. ಅವರು ಹೇಳುತ್ತಿದ್ದದ್ದು, ಸ್ವಲ್ಪ ಉಪ್ಪು ಕೊಡಿ, ಅಷ್ಟೇ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಮೇಕೆಯಾದರೂ ಪಾಪ, ತಿಂದದ್ದು ನಾನಲ್ಲ ಎಂದು ಹೇಳಲಾರದ ಪ್ರಾಣಿ. ಇಲ್ಲಿ ಬಾಯಿದ್ದ ಮೇಕೆ ಮೂತಿ ಒರೆಸಿಕೊಳ್ಳದೆ ಕೂತಿತ್ತು. ಕೋತಿಗೆ ನಿದ್ದೆ ಬರುತ್ತಿರಲಿಲ್ಲ. ಇವತ್ತು ಹೇಳಿಬಿಡಬೇಕು, ಎಲ್ಲರ ಎದುರಿಗೆ, ಭಾವಮೈದುನ ಕೂಡ ಇದ್ದಾನೆ, ಎಂದು ಬೆಳಗ್ಗೆ ಹಲ್ಲುಜ್ಜುವಾಗ ನಿರ್ಧಾರ ಮಾಡಿದ್ದ. ಇಂಥ ನಿರ್ಧಾರಗಳನ್ನು ಅವನು ಹಿಂದೆಯೂ ಬೇಕಾದಷ್ಟು ಹಲ್ಲುಜ್ಜುವಾಗಲೇ ಮಾಡಿದ್ದುಂಟು.

ಕೊನೆಗೂ ಎದ್ದು ಹೋದ. ಭಾವಮೈದುನ ಆಗಲೇ ಹಿಂದಿನ ಗಾಲಿಗಳ ನಟ್ಟುಗಳನ್ನು ಸಡಿಲ ಮಾಡಿದ್ದ. ಗಾಲಿ ನೆಲದ ಮೇಲಿರುವಾಗಲೇ ಸಡಿಲ ಮಾಡಬೇಕು, ಮೇಲೆತ್ತಿದ ಮೇಲೆ ಸ್ಪ್ಯಾನರ್ ಹಾಕಿ ಜಗ್ಗಿದರೆ ಕಾರೇ ಮೈಮೇಲೆ ಬರುತ್ತದೆ. ಇದು ಮಾವನ ಪಾಠ. ಮಗ ಅದನ್ನು ಕಲಿತಿದ್ದಾನೆ, ಕಲಿಸಿದವರನ್ನು ಮಾತ್ರ ಅಂಗಳಕ್ಕೆ ಬಿಟ್ಟುಕೊಳ್ಳುವುದಿಲ್ಲ. "ಬನ್ನಿ ಭಾವ. ಮುಂದಿನ ಗಾಲಿಗೆ ತುಂಡು ಕೊಟ್ಟುಬಿಡಿ, ಆಮೇಲೆ ಜಾಕ್ ಏರಿಸ್ತೀನಿ" ಎಂದ. ಅವನು ಗೋಡೆಯ ಬದಿಯ ನಲ್ಲಿಯ ಕೆಳಗಿನಿಂದ ಎರಡು ಮರದ ತುಂಡು ಎತ್ತಿಕೊಂಡ. ಮಾವ ಡಿಪೋದಿಂದ ತಂದವು, ಓರೆಯಾಗಿ ಕತ್ತರಿಸಿ ಆಯಿಲು ಕುಡಿದು ಕಪ್ಪಾದವು. ಒಂದೊಂದೂ ಕೂಸಿನ ತೂಕ. ಎಡಗಾಲಿಯ ಮುಂದೊಂದು, ಬಲಗಾಲಿಯ ಮುಂದೊಂದು ಇಟ್ಟು ಕಾಲಿನಿಂದ ಒದ್ದು ಬಿಗಿಮಾಡಿದ. ಮತ್ತೆ ಎಡಗಡೆ ಬಂದು ನೋಡಿದ. ಮತ್ತೆ ಬಲಗಡೆ. ಎದ್ದು ನಿಂತರೆ ಭಾವಮೈದುನ ತಾನೂ ಬಂದು ಮಂಡಿಯೂರಿ, ಬಗ್ಗಿ, ಎರಡನ್ನೂ ಕೈಯಿಂದ ಅಲ್ಲಾಡಿಸಿ ನೋಡುತ್ತಿದ್ದ. ಎಡಗಡೆಯದನ್ನು ಒಂದಿಷ್ಟು ಸರಿಸಿದ. ಅವನ ಕಿವಿ ಬಿಸಿಯಾಯಿತು. ನನ್ನನ್ನೇನು ಚಿಕ್ಕ ಮಗು ಅಂದುಕೊಂಡಿದ್ದಾನೆಯೇ ಎಂದು ಸಿಟ್ಟು ಬಂತು. ಬಂದ ಮರುಕ್ಷಣವೇ, ಹೀಗೆ ಬಗ್ಗಿ ನೋಡದೇ ಇದ್ದದ್ದರಿಂದಲೇ ಒಬ್ಬರ ಸೊಂಟ ಹೋಯಿತಲ್ಲವೇ ಎಂದು ತನ್ನ ಸಿಟ್ಟಿಗೆ ತಾನೇ ನಾಚಿಕೊಂಡ. ನಾಚಿಕೆಯ ಅಡಿಯಲ್ಲಿ ಸಿಟ್ಟು ಹಾಗೇ ಇತ್ತು.

ಅಂಗಳ ಕಣ್ಣಿಗೆ ಸಮ ಕಾಣುತ್ತದೆ, ಆದರೆ ಒಂದು ಚೊಂಬು ನೀರು ಸುರಿದರೆ ಗೇಟಿನ ಕಡೆ ಹರಿಯುತ್ತದೆ. ಕಾರಿನ ಮೂತಿ ಗೇಟಿನ ಕಡೆಗೆ. ಹಳೆಯ ಕಾಲದ ಕಾರು, ಗೇರಾಗಲಿ ಹ್ಯಾಂಡ್ ಬ್ರೇಕಾಗಲಿ ಹಿಡಿಯುವುದು ಹಿಂದಿನ ಗಾಲಿಗಳನ್ನೇ. ಆ ಎರಡನ್ನೂ ನೆಲದಿಂದ ಎತ್ತಿಬಿಟ್ಟರೆ ಕಾರನ್ನು ಹಿಡಿಯಲು ಉಳಿಯುವುದು ಮುಂದಿನ ಗಾಲಿಗಳಿಗೆ ಕೊಟ್ಟ ಎರಡು ಮರದ ತುಂಡು, ಅಷ್ಟೇ. ಅವತ್ತು ಇದನ್ನೆಲ್ಲ ಮಾವ ಎದುರು ಮನೆಯ ಡಾಕ್ಟರಿಗೆ ವಿವರಿಸುತ್ತಿದ್ದರು. ಡಾಕ್ಟರು ಕಾಫಿ ಲೋಟ ಹಿಡಿದು ಗೇಟಿಗೊರಗಿ ನಿಂತಿದ್ದರು. ಅವನು ಬಗ್ಗಿ ನಟ್ಟು ತಿರುಗಿಸಲು ಹೆಣಗುತ್ತಿದ್ದ. ತಿರುಗಿಸುತ್ತಿದ್ದದ್ದು ಉಲ್ಟಾ ಕಡೆಗೆ. ಮಾವ ಬಂದು ಮೆಲ್ಲಗೆ, ಮರ್ಯಾದೆಯಿಂದಲೇ, ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡರು. "ಬಿಡಿ ಅಳಿಯಂದಿರೇ. ಅದು ಪೆನ್ನು ಹಿಡಿಯೋ ಕೈ. ನೀವು ಆ ತುಂಡು ಎರಡು ಇಟ್ಟುಬಿಡಿ, ನಮಗೆ ಅಷ್ಟೇ ದೊಡ್ಡ ಉಪಕಾರ." ಡಾಕ್ಟರು ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ಅವನಿಗೆ ಆ ನಗು ಕಾಲರಿನೊಳಗೆ ಇರುವೆ ಬಿಟ್ಟ ಹಾಗಾಯಿತು. ತುಂಡುಗಳನ್ನು ಎತ್ತಿಕೊಂಡು ಕಾರಿನ ಮುಂದೆ ಹೋಗಿ ನಿಂತ. ಹಿಂದಿನಿಂದ ಇನ್ನೇನೋ ಮಾತು, ಇನ್ನೊಂದು ನಗು, ತನ್ನದೇ ಸುದ್ದಿ ಇರಬೇಕು. ತುಂಡುಗಳನ್ನು ನಲ್ಲಿಯ ಕೆಳಗೇ ಬಿಸಾಕಿ ನೀರು ಕುಡಿಯಲೆಂದು ಒಳಗೆ ಹೋದ. ಕುಡಿದು ಬಂದು ಇಡೋಣ ಅಂದುಕೊಂಡಿದ್ದನೇ? ಅಂದುಕೊಂಡಿದ್ದ. ಅಂದುಕೊಂಡಿದ್ದ ಎಂದು ಈಗ ಅಂದುಕೊಳ್ಳುತ್ತಾನೆ.

ಜಾಕಿನ ಹಿಡಿ ಮೇಲೆ ಕೆಳಗೆ ಆಡುತ್ತಿತ್ತು. ಕಾರಿನ ಹಿಂಭಾಗ ಬೆರಳಷ್ಟು ಬೆರಳಷ್ಟೇ ಏಳುತ್ತಿತ್ತು. ಭಾವಮೈದುನ ಹಿಂದಿನ ಅಚ್ಚಿನ ಎರಡೂ ಕಡೆ ಒಂದೊಂದು ಸ್ಟ್ಯಾಂಡು ನಿಲ್ಲಿಸಿ, ಎತ್ತರ ಒಂದೇ ಇದೆಯೇ ಎಂದು ಸ್ಟ್ಯಾಂಡಿನ ಹಲ್ಲುಗಳನ್ನು ಎಣಿಸಿ, ಗೂಟ ಸಿಕ್ಕಿಸಿ, ಜಾಕನ್ನು ಕೂದಲೆಳೆಯಷ್ಟು ನಿಧಾನವಾಗಿ ಇಳಿಸಿದ. ಭಾರ ಸ್ಟ್ಯಾಂಡಿನ ಮೇಲೆ ಕೂತಾಗ ಕಬ್ಬಿಣ ಒಮ್ಮೆ ನರಳಿತು. "ಜಾಕ್ ಎತ್ತೋದಕ್ಕೆ ಭಾವ, ಹೊರೋದಕ್ಕಲ್ಲ. ಜಾಕ್ ನಂಬಿ ಕೆಳಗೆ ಹೋದೋನು ಮೇಲೇ ಹೋಗ್ತಾನೆ" ಎಂದು ನಕ್ಕ. ಇದೂ ಮಾವನದೇ ಮಾತು, ಮಗ ತನ್ನದೆಂಬ ಹಾಗೆ ಆಡಿದ. ಗಾಲಿಗಳನ್ನು ಬಿಚ್ಚಿ, ಒಂದು ವೇಳೆ ಕಾರು ಕುಸಿದರೂ ಅವುಗಳ ಮೇಲೆ ನಿಲ್ಲಲಿ ಎಂದು ಬಾಗಿಲುಗಳ ಅಡಿಯಲ್ಲಿ ಮಲಗಿಸಿದ. ಆಮೇಲೆ ಹೆಗಲು ಕೊಟ್ಟು ಕಾರನ್ನು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಜೋರಾಗಿ ನೂಕಿ ನೋಡಿದ. ಮಿಸುಕಲಿಲ್ಲ. ಅವತ್ತು ಮಾವ ಕೂಡ ನೂಕಿ ನೋಡಿದ್ದರು. ಆದರೆ ಪಕ್ಕಕ್ಕೆ ಮಾತ್ರ. ಮುಂದಕ್ಕೆ ನೂಕುವ ಮೊದಲು "ತುಂಡು ಕೊಟ್ರಾ ಅಳಿಯಂದಿರೇ?" ಎಂದು ಕೂಗಿದರು. ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಳು, ಅವನು ಅಡುಗೆಮನೆಯ ಕಿಟಕಿಯಲ್ಲಿ, ಕೈಯಲ್ಲಿ ಲೋಟ. "ಕೊಟ್ಟೆ" ಅಂದ.

ಅಂದದ್ದು ಅಷ್ಟೇ. ಒಂದು ಮಾತು. ಅವನ ಕಚೇರಿಯಲ್ಲಿ ಅಪಘಾತ ವಿಮೆಯ ಅರ್ಜಿಗಳು ರಾಶಿ ಬೀಳುತ್ತವೆ, ಓದಿ ಸಹಿ ಹಾಕುವುದೇ ಅವನ ಕೆಲಸ. ಘಟನೆ ಹೇಗೆ ನಡೆಯಿತು ಎಂಬಲ್ಲಿ ಜನ ಪುಟಗಟ್ಟಲೆ ಬರೆದಿರುತ್ತಾರೆ, ಯಾರೂ ಒಂದು ಮಾತಿನಲ್ಲಿ ಬರೆದದ್ದನ್ನು ಅವನು ಕಂಡಿಲ್ಲ. ಅದಕ್ಕಿಂತ ಕೆಟ್ಟದ್ದು ಆಮೇಲಿನದು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. "ಕೊಟ್ಟೆ" ಎಂಬ ಮಾತು ಕೇಳಿಯೂ ಮಾವ ಅಭ್ಯಾಸಬಲದಿಂದ ಮುಂದಿನ ಗಾಲಿಯ ಕಡೆ ಎರಡು ಹೆಜ್ಜೆ ಇಟ್ಟರು, ಬಗ್ಗಲು ಸೊಂಟಕ್ಕೆ ಕೈ ಕೊಟ್ಟರು. ಅಲ್ಲೇ ನಿಂತರು. ಡಾಕ್ಟರು ನೋಡುತ್ತಿದ್ದರು. ಡಿಪೋದ ಹುಡುಗನಾಗಿದ್ದರೆ, ಸ್ವಂತ ಮಗನಾಗಿದ್ದರೆ, ಬಗ್ಗಿ ನೋಡುತ್ತಿದ್ದರು. ಇವನು ಮನೆಯ ಅಳಿಯ. ಅಳಿಯ ಕೊಟ್ಟೆ ಅಂದಮೇಲೆ, ಹೊರಗಿನವರ ಎದುರಿಗೆ ಅವನ ಹಿಂದೆಯೇ ಹೋಗಿ ಬಗ್ಗಿ ನೋಡಿದರೆ ಅವನ ಮುಖಕ್ಕೆ ಹೊಡೆದ ಹಾಗಾಗುವುದಿಲ್ಲವೇ? ಆಗಲೇ ಸ್ಪ್ಯಾನರ್ ಕಸಿದುಕೊಂಡದ್ದು ಮನಸ್ಸಿನಲ್ಲಿ ಚುಚ್ಚುತ್ತಿತ್ತೋ ಏನೋ. ಮುದುಕರು ನೆಟ್ಟಗಾದರು, ಹಿಂದಿರುಗಿದರು, ಚಾಪೆ ಹಾಸಿಕೊಂಡು ಕಾರಿನ ಕೆಳಗೆ ಸರಿದರು. ಅವನು ನೋಡುತ್ತ ನಿಂತಿದ್ದ. ಲೋಟದಲ್ಲಿ ಅರ್ಧ ನೀರಿತ್ತು. ಅದನ್ನು ಪೂರ್ತಿ ಕುಡಿದ. ಬಾಯಾರಿಕೆ ಇರಲಿಲ್ಲ, ಆದರೂ ಗುಟುಕು ಗುಟುಕಾಗಿ ಪೂರ್ತಿ ಕುಡಿದ. ಲೋಟ ತೊಳೆದು ಮಗುಚಿ ಇಡುವಾಗ ಹೊರಗೆ ತುಕ್ಕು ಹಿಡಿದ ಬೋಲ್ಟಿನ ಜೊತೆ ಮಾವ ಜಗ್ಗಾಡುವ ಸದ್ದು, ಆಮೇಲೆ ಬೇರೊಂದು ಸದ್ದು.

"ನಿಲ್ಲು, ನಿಲ್ಲು. ಮುಂದಿನ ಗಾಲಿ ನೋಡಿದ್ಯಾ?"

ಮಾವ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಭಾವಮೈದುನ ಚಾಪೆಯ ಮೇಲೆ ಕೂತು ಇನ್ನೇನು ಒಳಗೆ ಸರಿಯುವವನಿದ್ದ. "ನೋಡಿದೀನಿ ಅಪ್ಪ. ನೀವು ಒಳಗೆ ಹೋಗಿ" ಎಂದ. "ಇಳಿಜಾರಿದೆ ಕಣೋ. ಹಿಂದೆ ಎತ್ತಿದಾಗ ಹ್ಯಾಂಡ್ ಬ್ರೇಕು ಲೆಕ್ಕಕ್ಕಿಲ್ಲ. ಮುಂದಿನ ಗಾಲಿಗೆ..." ಎನ್ನುತ್ತ ಮುದುಕರು ಹೊಸಿಲು ದಾಟಲು ವಾಕರ್ ಎತ್ತಿದರು, ಅದು ತಗುಲಿ ವಾಲಿತು. ಬಟ್ಟೆ ಒಣಹಾಕುತ್ತಿದ್ದ ಮಗಳು ಓಡಿಬಂದು ತೋಳು ಹಿಡಿದಳು. ಮಗನಿಗೆ ರೇಗಿತು. "ಸಾಕು ಅಪ್ಪ ನಿಮ್ಮ ಪಾಠ. ಇಷ್ಟು ಜ್ಞಾಪಕ ಅವತ್ತೇ ಇದ್ದಿದ್ರೆ ಯಾರಿಗೂ ಈ ಪಾಡು ಇರ್ತಿರಲಿಲ್ಲ." ಮುದುಕರು ತಲೆ ತಗ್ಗಿಸಿ ತಮ್ಮ ಪಾದಗಳನ್ನೇ ನೋಡತೊಡಗಿದರು. ಮೂವತ್ತಾರು ವರ್ಷ ನೂರಾರು ಬಸ್ಸುಗಳ ಕೆಳಗೆ ಹೋಗಿ ಎದ್ದು ಬಂದ ಮನುಷ್ಯ, ಬೈಸಿಕೊಂಡ ಶಾಲೆ ಹುಡುಗನ ಹಾಗೆ ನಿಂತಿದ್ದರು. ಅದನ್ನು ನೋಡಿ ಅವನು ಬಾಯಿಬಿಟ್ಟ. ಧೈರ್ಯ ಮಾಡಿ ಅಂದದ್ದಲ್ಲ, ವಾಂತಿಯ ಹಾಗೆ ತಾನಾಗಿ ಹೊರಗೆ ಬಂತು.

"ಮಾವ ಮರೆತದ್ದಲ್ಲ. ತುಂಡು ಇಡಬೇಕಾಗಿದ್ದೋನು ನಾನು. ಇಟ್ಟಿರಲಿಲ್ಲ. ಕೇಳಿದಾಗ ಕೊಟ್ಟೆ ಅಂತ ಸುಳ್ಳು ಹೇಳ್ದೆ."

ಬಕೆಟ್ಟಿನ ಅಂಚಿಗೆ ನೇತುಬಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಭಾವಮೈದುನ ಸ್ಪ್ಯಾನರನ್ನು ನಿಧಾನವಾಗಿ ಕೆಳಗಿಟ್ಟ. ಈಗ ಎದ್ದು ಬಂದು ಕಪಾಳಕ್ಕೆ ಹೊಡೆಯುತ್ತಾನೆ ಎಂದು ಅವನು ಕಾದ. ಹೊಡೆದರೆ ಒಳ್ಳೆಯದಿತ್ತು. ಆದರೆ ಭಾವಮೈದುನನ ಮುಖ ಸಡಿಲವಾಗಿ, ಕಣ್ಣು ಒದ್ದೆಯಾಯಿತು. "ಭಾವ, ನಾನು ಅಪ್ಪಂಗೆ ಹಂಗೆ ಅನ್ನಬಾರದಾಗಿತ್ತು, ತಪ್ಪಾಯ್ತು. ಅದಕ್ಕೆ ನೀವು ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ಳೋದು ಬೇಡ." ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಅವನನ್ನು ಹೀಗೆ ನೋಡಿರಲಿಲ್ಲ. "ಇಲ್ಲ, ನಿಜ ಹೇಳ್ತಿದೀನಿ. ತುಂಡು ನಲ್ಲಿ ಕೆಳಗೇ ಇತ್ತು, ನಾನೇ ಅಲ್ಲಿ ಬಿಸಾಕಿದ್ದೆ" ಎಂದು ಅವನು ಗಂಟಲು ಹರಿಯುವಂತೆ ಹೇಳಿದ. "ಅದು ಇರೋ ಜಾಗವೇ ಅದಲ್ವಾ ಭಾವ" ಎಂದ ಭಾವಮೈದುನ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. ನಿಜ ಹೇಳಿದರೂ ನಂಬದ ಹಾಗೆ ಇಷ್ಟು ಒಳ್ಳೆಯವನೆಂದು ತಾನು ಯಾವಾಗ ಹೆಸರು ಮಾಡಿದೆ? ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಾವನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದ, ಅವರ ಹೇಲು ಉಚ್ಚೆ ಬಾಚಿದ್ದ. ಅದನ್ನೆಲ್ಲ ಜನ ಪ್ರೀತಿ ಅಂದುಕೊಂಡಿದ್ದರು.

ಎದುರು ಮನೆಯ ಡಾಕ್ಟರು ಆ ವಾರವೇ ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋಗಿಬಿಟ್ಟಿದ್ದರು, ಉಳಿದದ್ದು ಒಂದೇ ಸಾಕ್ಷಿ. ಅವನು ಮಾವನ ಕಡೆ ತಿರುಗಿ ಅಕ್ಷರಶಃ ಕೈ ಮುಗಿದ. "ನೀವೇ ಹೇಳಿ ಮಾವ. ನೀವು ಕೇಳಿದ್ರಿ, ನಾನು ಕಿಟಕೀಲಿದ್ದೆ. ಕೊಟ್ಟೆ ಅಂದೆ. ಹೌದಾ, ಇಲ್ವಾ?" ಮೂವರೂ ಮುದುಕರನ್ನು ನೋಡಿದರು. ಮುದುಕರು ತಲೆಯೆತ್ತಿದರು. ಅವರ ಕಣ್ಣು ಕಾರಿನ ಮೇಲೆ, ಗೇಟಿನ ಮೇಲೆ, ಕೊನೆಗೆ ಅಡುಗೆಮನೆಯ ಕಿಟಕಿಯ ಮೇಲೆ ನಿಂತಿತು. ಹುಬ್ಬು ಗಂಟಾಯಿತು. ಯಾವುದನ್ನೋ ಕೈಚೀಲದ ತಳದಲ್ಲಿ ತಡಕಿ ತೆಗೆದವರಂತೆ ಹೇಳತೊಡಗಿದರು. "ಇಲ್ಲ... ತುಂಡು ನನ್ನ ಕೈಯಲ್ಲೇ ಇತ್ತು. ಇಡಬೇಕು ಅಂತ ಬಗ್ಗಿದೆ. ಅಷ್ಟೊತ್ತಿಗೆ ಫೋನ್ ಬಂತು. ಡಿಪೋದ ಹಳೇ ಸ್ನೇಹಿತ ಯಾರೋ. ಮಾತಾಡ್ತಾ ಮಾತಾಡ್ತಾ ಅಲ್ಲೇ ನಲ್ಲಿ ಹತ್ರ ಇಟ್ಟೆ. ಆಮೇಲೆ ಮರೆತೇಹೋಯ್ತು. ಹೌದು, ಫೋನ್ ಬಂದಿತ್ತು. ನಂಗೆ ಚೆನ್ನಾಗಿ ಜ್ಞಾಪಕ ಇದೆ."

ಫೋನ್ ಬಂದಿರಲಿಲ್ಲ. ಆ ಫೋನನ್ನು ಹುಟ್ಟಿಸಿದವನು ಅವನೇ. ಆಸ್ಪತ್ರೆಯ ಮೊಗಸಾಲೆಯಲ್ಲಿ, ಕೆಲಸದಿಂದ ಹಾಗೇ ಓಡಿಬಂದಿದ್ದ ಭಾವಮೈದುನ "ಅಪ್ಪ ತುಂಡು ಕೊಡದೆ ಕೆಳಗೆ ಹೋಗೋರಲ್ಲ ಭಾವ, ಏನಾಯ್ತು?" ಎಂದು ಭುಜ ಹಿಡಿದು ಅಲುಗಿಸಿದಾಗ, "ಯಾರದೋ ಫೋನ್ ಬಂದಿತ್ತು ಅನ್ಸುತ್ತೆ, ಮಾತಾಡ್ತಾ ಮರೆತರೇನೋ" ಎಂದು ಬಾಯಿಗೆ ಬಂದದ್ದು ಅಂದಿದ್ದ. ಅದನ್ನು ಭಾವಮೈದುನ ಅಕ್ಕನಿಗೆ ಹೇಳಿದ, ಅಕ್ಕ ನೆಂಟರಿಗೆ ಹೇಳಿದಳು, ನೋಡಲು ಬಂದವರೆಲ್ಲ ಮಂಚದ ಸುತ್ತ ಕೂತು ಮತ್ತೆ ಮತ್ತೆ ಹೇಳಿದರು. ಮಲಗಿದ್ದ ಮುದುಕರು ಕೇಳುತ್ತಲೇ ಇದ್ದರು. ಎರಡು ವರ್ಷ ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ, ದೊಡ್ಡತನವನ್ನೂ ಇಲ್ಲ, ದೊಣ್ಣೆಯನ್ನೂ ಇಲ್ಲ. ಊಟದ ತಟ್ಟೆಯಿಂದ ತಲೆಯೆತ್ತಿ ನೋಡಿದಾಗಲೆಲ್ಲ ಅವರಿಗೆ ನಿಜವಾಗಿಯೂ ಉಪ್ಪೇ ಬೇಕಾಗಿತ್ತು. ಅವತ್ತಿನ ಬೆಳಗ್ಗೆಯದು ಉಳಿದಿದ್ದ ಎರಡು ತಲೆಗಳಲ್ಲಿ ಒಂದರಿಂದ ಅದು ಅಳಿಸಿಹೋಗಿತ್ತು. ಇನ್ನು ಅದು ನಡೆದಿದ್ದಕ್ಕೆ ಅವನೊಬ್ಬನ ಮಾತೇ ಆಧಾರ, ಅವನ ಮಾತನ್ನು ನಂಬುವವರು ಯಾರೂ ಇರಲಿಲ್ಲ.

ಮುದುಕರು ಮಗಳ ಕೈ ಬಿಡಿಸಿಕೊಂಡು, ವಾಕರ್ ಸರಿಸುತ್ತ ಸರಿಸುತ್ತ ಅವನ ಹತ್ತಿರ ಬಂದರು. "ನನ್ನ ಮಾನ ಉಳಿಸೋಕೆ ನೀವು ಇಷ್ಟು ದೊಡ್ಡ ಮಾತು ಆಡಿದ್ರಲ್ಲ ಅಳಿಯಂದಿರೇ. ನಾನು ಮಾಡಿದ ತಪ್ಪಿಗೆ ನೀವು ಆಸ್ಪತ್ರೆ ನೆಲದ ಮೇಲೆ ಮಲಗಿದ್ರಿ. ಒಂದು ದಿನವೂ ಎತ್ತಿ ಆಡಲಿಲ್ಲ. ನಾನೇ ಬಾಯಿಬಿಟ್ಟು ಕೇಳಬೇಕಾಗಿತ್ತು, ನಾಚಿಕೆ ಬಿಡಲಿಲ್ಲ. ಈಗ ಕೇಳ್ತೀನಿ, ಕ್ಷಮಿಸಿಬಿಡಿ." ಹೇಳುತ್ತಲೇ ಅವನ ಎರಡೂ ಕೈ ಹಿಡಿದರು. ಹಿಡಿಯಲು ವಾಕರ್ ಬಿಟ್ಟದ್ದರಿಂದ ಅವರ ಮೈಭಾರವೆಲ್ಲ ಅವನ ಕೈಗೆ ಬಂತು.

ಅಲ್ಲ ಮಾವ, ಫೋನ್ ಬಂದಿರಲಿಲ್ಲ, ಎಂದು ಹೇಳಬಹುದಾಗಿತ್ತು. ಹಾಗೆಂದರೆ ಈಗಷ್ಟೇ ಚೆನ್ನಾಗಿ ಜ್ಞಾಪಕ ಇದೆ ಎಂದು ಬೀಗಿದ ಮುದುಕರಿಗೆ ಅದೂ ಇಲ್ಲವಾಗುತ್ತಿತ್ತು. ಇದು ಕರುಣೆಯೋ ಅಥವಾ ತಪ್ಪಿಸಿಕೊಳ್ಳಲು ಸಿಕ್ಕ ಕಿಂಡಿಯೋ ಎಂದು ತೂಗಿ ನೋಡುವಷ್ಟು ಹೊತ್ತು ಇರಲಿಲ್ಲ. ಮೂವರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಹೆಂಡತಿಯ ಕಣ್ಣಲ್ಲಿ ಇನ್ನೂ ಆ ನೋಟ ಇತ್ತು. ಎದೆಯಲ್ಲಿ ಎರಡು ವರ್ಷದಿಂದ ಬಿಗಿದಿದ್ದದ್ದು ಸಡಿಲವಾಗುತ್ತಿರುವುದು ಅವನಿಗೆ ಗೊತ್ತಾಯಿತು. ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಅಸಹ್ಯವಾಯಿತು, ಆದರೂ ಹಾಯೆನಿಸಿತು.

"ಪರವಾಗಿಲ್ಲ ಮಾವ" ಎಂದ. "ಬಿಡಿ. ಯಾರಿಗಾದ್ರೂ ಆಗೋದೇ."

ಮುದುಕರು ಅವನ ಹೆಗಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅವನು ಅವರ ಬೆನ್ನು ಸವರಿದ.